ಪರದೆಯ ಹಿಂದಿನ ಹೆಜ್ಜೆ

"ಬೂಟು ಬಿಚ್ಚಿಡಬಹುದಾ ಮೇಡಂ?"

ಮ್ಯಾನೇಜರ್ ಹುಬ್ಬೇರಿಸಿದರು. "ಕೇಳೋದು ಕಿವೀಲಿ ತಾನೆ?"

"ಕಾಲು ಬಿಗೀತಿದ್ರೆ ಗಮನ ಎಲ್ಲಾ ಅಲ್ಲೇ ಹೋಗುತ್ತೆ."

ಗೋಡೆಗೆ ಒರಗಿ ನಿಂತವರು ನಕ್ಕರು. ಕಿವಿಯಪ್ಪ ನಗಲಿಲ್ಲ. ಬೂಟು, ಕಾಲುಚೀಲ ಕಳಚಿ ಮರದ ವೇದಿಕೆ ಹತ್ತಿದರು. ಕುರ್ಚಿಯಲ್ಲಿ ಕೂತು ಎರಡೂ ಅಂಗಾಲುಗಳನ್ನು ಹಲಗೆಗೆ ಒತ್ತಿಟ್ಟರು.

ವೇದಿಕೆಯ ನಟ್ಟನಡುವೆ ಕಪ್ಪು ಪರದೆ. ಅದರಾಚೆ ಎರಡು ಸ್ಪೀಕರು. ಒಂದು ಸರಿಯಾದದ್ದು, ಇನ್ನೊಂದರಲ್ಲಿ ಬೇಕೆಂದೇ ಮಾಡಿದ ಸಣ್ಣ ದೋಷ. ಒಂದೇ ಹೆಣ್ಣುದನಿ ಒಂದಾದ ಮೇಲೊಂದರಲ್ಲಿ ಬರುತ್ತದೆ. ದೋಷ ಮೊದಲನೆಯದರಲ್ಲೋ ಎರಡನೆಯದರಲ್ಲೋ, ಹೇಳಬೇಕು. ಯಾವುದು ಮೊದಲು ಬರುತ್ತದೆ ಎಂಬುದು ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ.

ಸ್ಪೀಕರ್ ಕಾರ್ಖಾನೆಯ ಆಲಿಸುವ ಕೋಣೆಗೆ ಕಿವಿಯಪ್ಪನವರೇ ಹಿರಿಯರು. ತಲೆ ಕಪ್ಪಗಿದ್ದಾಗ ಬಂದು ಸೇರಿದವರು. ಅವರು ಹೂಂ ಅನ್ನದೆ ಒಂದು ಮಾದರಿಯೂ ಅಂಗಡಿ ಮುಟ್ಟಿದ್ದಿಲ್ಲ. ಕಿವಿಯಪ್ಪ ಎಂಬ ಅಡ್ಡಹೆಸರೇ ನಿಂತು, ಅಸಲು ಹೆಸರನ್ನು ಎಲ್ಲರೂ ಮರೆತಿದ್ದರು. ಹೊಸ ಮ್ಯಾನೇಜರಿಗೆ ಮಾತ್ರ ನಂಬಿಕೆಯಿಲ್ಲ. "ಅನುಭವ ಅಂದ್ರೆ ಬರೀ ಅಭ್ಯಾಸ. ಒಂದು ಮೈಕು, ಒಂದು ಕಂಪ್ಯೂಟರು ಸಾಕು," ಎಂದಿದ್ದರು. ಇವತ್ತು ಸೋತರೆ ಕೋಣೆಗೆ ಬೀಗ. ಅಲ್ಲಿ ಕೂತು ಕೇಳುವ ನಾಲ್ವರಿಗೂ ಕೆಲಸವಿಲ್ಲ.

ಅನುಭವವಿಲ್ಲದ ಕಿವಿ ಹೇಗಿರುತ್ತದೆಂದು ನೋಡಲು ಮೊದಲು ಲೆಕ್ಕ ವಿಭಾಗದ ಗುಮಾಸ್ತನನ್ನು ಕೂರಿಸಿದ್ದರು. ಅರ್ಧಕ್ಕರ್ಧ ತಪ್ಪು. "ಎರಡೂ ಒಂದೇ ಥರ ಇದೆಯಲ್ರೀ!" ಎಂದು ತಲೆ ಕೆರೆದುಕೊಂಡು ಇಳಿದಿದ್ದ.

ಈಚೆಗೆ ಕಿವಿಯಪ್ಪನವರಿಗೂ ಎಲ್ಲಾ ಸ್ಪೀಕರುಗಳೂ ಒಂದೇ ಥರ ಕೇಳುತ್ತಿದ್ದವು.

ಕಿವಿಯ ಡಾಕ್ಟರು ಮುಚ್ಚಿಡದೆ ಹೇಳಿದ್ದರು: ಸಣ್ಣ ಸ್ವರಗಳೆಲ್ಲ ಹೋಗಿವೆ, ಮರಳಿ ಬರುವುದಿಲ್ಲ. ವಿಷಯ ಗೊತ್ತಿದ್ದದ್ದು ಮಗಳಿಗೊಬ್ಬಳಿಗೇ. ಇದೇ ಕಾರ್ಖಾನೆಯಲ್ಲಿ ಪರದೆಯ ಹಿಂದೆ ಕೂತು ಸ್ವಿಚ್ ಒತ್ತುವ ಕೆಲಸ ಅವಳದು. ನಿನ್ನೆ ಊಟದ ಹೊತ್ತಿಗೆ ಅವರು ಅವಳೆದುರು ಬಾಯಿಬಿಟ್ಟಿದ್ದರು.

"ದೋಷದ್ದು ಬಂದಾಗ ಹಲಗೆ ಮೇಲೆ ಕಾಲನ್ನ ಸ್ವಲ್ಪ ಒತ್ತು. ಸದ್ದು ಬೇಡ. ನಂಗೆ ಗೊತ್ತಾಗುತ್ತೆ."

"ನೀವಾ ಅಪ್ಪಾ ಇದನ್ನ ಹೇಳ್ತಿರೋದು?"

"ನಾಲ್ಕು ಸಂಸಾರ ಇದೆ ಕಣಮ್ಮಾ."

ಮಗಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಳಿಗ್ಗೆ ಅವರು ಏಳುವ ಮೊದಲೇ ಮನೆ ಬಿಟ್ಟಿದ್ದಳು.

"ಶುರು ಮಾಡೋಣವಾ?" ಮ್ಯಾನೇಜರ್ ಮೂಲೆಯಲ್ಲಿ ಕೈಕಟ್ಟಿ ನಿಂತರು.

ಹೆಣ್ಣುದನಿ ಬಂತು, ನಿಂತಿತು. ಮತ್ತೆ ಬಂತು. ಕಿವಿಯಪ್ಪ ಕಣ್ಣು ಮುಚ್ಚಿದರು. ಎರಡೂ ಹತ್ತಿ ತುರುಕಿದ ಕಿವಿಯಲ್ಲಿ ಕೇಳಿದಂತೆ. ಕೈಬಿಟ್ಟಳು ಎಂದುಕೊಂಡರು. ಆಗಲೇ ಎಡಗಾಲಿನ ಹಿಮ್ಮಡಿಗೆ ಏನೋ ತಾಗಿತು. ಇರುವೆ ಹರಿದುಹೋದಷ್ಟು ನಡುಕ.

"ಎರಡನೇದು."

"ಸರಿ," ಎಂದರು ಮ್ಯಾನೇಜರ್.

ನನ್ನ ಕಂದ! ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಜೊತೆಗೇ ಕತ್ತು ತಗ್ಗಿತು. ಹೂವಿನ ಹಾಗೆ ಬೆಳೆಸಿದ ಮಗಳ ಕೈಯಲ್ಲಿ ಮೋಸ ಮಾಡಿಸುತ್ತಿದ್ದೇನಲ್ಲ.

ಮುಂದಿನ ಸುತ್ತು. ನಡುಕ. "ಮೊದಲನೇದು." ಸರಿ. ಇನ್ನೊಂದು. ಸರಿ. ಗೋಡೆಯ ಬಳಿ ಪಿಸುಮಾತು ನಿಂತುಹೋಯಿತು. ಒಂದು ಸುತ್ತಿನಲ್ಲಂತೂ ದನಿ ಮುಗಿಯುತ್ತ ಬಂದರೂ ಕಾಲಿಗೆ ಏನೂ ತಿಳಿಯಲಿಲ್ಲ. ಹೆಣ್ಣುದನಿ ಕೊನೆಯ ಮಾತಿಗೆ ಮಂದ್ರಕ್ಕೆ ಇಳಿದಾಗ, ಅಗೋ, ಬಂತು.

"ಎರಡನೇದು."

ಒಂದೂ ತಪ್ಪಲಿಲ್ಲ. ಚಪ್ಪಾಳೆ ಬಿತ್ತು. ಆಲಿಸುವ ಕೋಣೆಯ ನಾಲ್ವರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮ್ಯಾನೇಜರ್ ತಾವಾಗಿಯೇ ಬಂದು ಕೈ ಕುಲುಕಿದರು.

"ನಂದೇ ತಪ್ಪು ಅಂತ ಒಪ್ಕೋತೀನಿ. ಆಸ್ಪತ್ರೆಗಳಿಗೆ ಬೆಂಕಿ ಎಚ್ಚರಿಕೆಯ ಸ್ಪೀಕರ್ ಮಾಡೋ ಕೆಲಸ ಬಂದಿದೆ. ನಾಳೆಯಿಂದ ಅದರ ಪರೀಕ್ಷೆ ಪೂರ್ತಿ ನಿಮ್ಮದೇ. ನೀವು ಸರಿ ಅಂದ್ರೆ ಸರಿ. ಕಂಪ್ಯೂಟರನ್ನೂ ಕೇಳಲ್ಲ."

ಕಿವಿಯಪ್ಪನವರ ಕಣ್ಣೆದುರು ಹೊಗೆ ತುಂಬಿದ ಓಣಿಯೊಂದು ಬಂತು. ಹಾಸಿಗೆ ಬಿಟ್ಟು ಏಳಲಾರದವರು. ಎಲ್ಲಿಂದಲೋ ಒಡಕು ದನಿ. ಎಡಕ್ಕೆ ಹೋಗಿ ಎಂದಿತೋ, ಬಲಕ್ಕೆ ಎಂದಿತೋ?

ಹಿಡಿದ ಕೈಯನ್ನು ಅವರು ಬಿಡಿಸಿಕೊಂಡರು.

"ನಂಗೆ ಕೇಳಿಸಲ್ಲ ಮೇಡಂ."

"ಏನಂದ್ರಿ?"

"ಕಿವಿ ಹೋಗಿದೆ. ಇವತ್ತು ಒಂದನ್ನೂ ಕಿವೀಲಿ ಹೇಳಿಲ್ಲ. ದೋಷದ್ದು ಬಂದಾಗೆಲ್ಲ ನನ್ನ ಮಗಳು ಹಲಗೆ ಮೇಲೆ ಕಾಲು ಒತ್ತುತಿದ್ಲು. ಅದಕ್ಕೇ ಬೂಟು ಬಿಚ್ಚಿದ್ದು. ಅವಳದೇನೂ ತಪ್ಪಿಲ್ಲ, ನಾನೇ ಬಲವಂತ ಮಾಡ್ದೆ. ನನ್ನನ್ನ ಕಳಿಸಿಬಿಡಿ. ಅವಳನ್ನ ಏನೂ ಮಾಡಬೇಡಿ."

ಸೆರಗು ಹಿಡಿದಿದ್ದವಳ ಕೈ ಹಾಗೇ ನಿಂತಿತ್ತು. ಕಿವಿಯಪ್ಪ ಪರದೆಯತ್ತ ತಿರುಗಿದರು.

"ಬಾಮ್ಮಾ, ಹೊರಗೆ ಬಾ. ಮುಗೀತು."

ಯಾರೂ ಬರಲಿಲ್ಲ. ಮ್ಯಾನೇಜರ್ ಮುಂದೆ ಹೋಗಿ ಪರದೆಯನ್ನು ಸರ್‍ರನೆ ಎಳೆದರು. ಕಿವಿಯಪ್ಪ ಕಾಲೂರಿದ್ದ ಹಲಗೆಯ ಮೇಲೇ ಎರಡು ಸ್ಪೀಕರು, ಒಂದು ಖಾಲಿ ಕುರ್ಚಿ. ಮ್ಯಾನೇಜರ್ ತಮ್ಮ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಪುಟ್ಟ ರಿಮೋಟು.

"ಸ್ವಿಚ್ ಒತ್ತಿದ್ದು ನಾನು, ಆ ಮೂಲೆಯಿಂದ. ದೋಷ ಇರಲಿ ಅಂತ ಒಂದು ಸ್ಪೀಕರಿನ ಪೆಟ್ಟಿಗೆಯ ಅಂಟು ಬಿಡಿಸಿದ್ವಿ, ದನಿ ಬಂದಾಗ ಅದು ಕೂದಲೆಳೆಯಷ್ಟು ಅದುರಲಿ ಅಂತ," ಎಂದರು ಮೆಲ್ಲಗೆ. "ನಿಮ್ಮ ಮಗಳು ಬೆಳಿಗ್ಗೇನೇ ಫೋನ್ ಮಾಡಿ ರಜ ಹಾಕಿದಾರೆ."