ಬಿತ್ತೇನ್ಲೇ?

ಕಾರಿನ ಗಾಜಿಗೆ ಕಚ್ಚಿಕೊಂಡಿದ್ದ ಹಿಮವನ್ನು ಅಂಬುಜಾ ಹಳೆಯ ದೋಸೆ ಸಟ್ಟುಗದಿಂದ ಕೆರೆಯುತ್ತಿದ್ದಳು. ಗಂಡ ರಾಜಶೇಖರ ಡಾಕ್ಟರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಬಲಕ್ಕ ಇನ್ನೂ ಉಳದೈತಿ ನೋಡು," ಎಂದರು. ಅವರು ಬೊಟ್ಟು ಮಾಡಿದ ಕಡೆ ಗಾಜು ಫಳಫಳ ಹೊಳೆಯುತ್ತಿತ್ತು.

"ಉಳಿದಿರೋದು ಗಾಜಿನ ಮೇಲಲ್ಲ ರೀ, ನಿಮ್ಮ ಕಣ್ಣಲ್ಲಿ. ಆ ಕಾಗದ ಪೋಸ್ಟ್ ಮಾಡಿದ್ರಾ?"

"ನಾಳೆ ಮಾಡ್ತೀನಿ."

ಆ ನಾಳೆ ಹುಟ್ಟಿದ್ದು ಸೆಪ್ಟೆಂಬರಿನಲ್ಲಿ; ಈಗ ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಇನ್ನು ಕಾರು ಓಡಿಸಬೇಡಿ ಎಂದು ಕಣ್ಣಿನ ಕ್ಲಿನಿಕ್ಕಿನವರು ಹೇಳಿದ ದಿನವೇ ಡಾಕ್ಟರು ಲೈಸೆನ್ಸ್ ವಾಪಸು ಮಾಡುವ ಕಾಗದ ಬರೆದು, ಸ್ಟಾಂಪು ಹಚ್ಚಿ, ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇಟ್ಟಿದ್ದರು. ಅಂದಿನಿಂದ ಅದೇ ಕಾರಿನಲ್ಲಿ ಆ ಕಾಗದಕ್ಕೆ ಬರ್ಮಿಂಗ್‌ಹ್ಯಾಮ್ ತೋರಿಸುತ್ತಿದ್ದರು. ಹಾರ್ಬೋರ್ನ್ ಬಡಾವಣೆಯ ಫ್ಯಾಮಿಲಿ ಡಾಕ್ಟರಾಗಿದ್ದಾಗ ಅಲ್ಲಿನ ಅರ್ಧ ಮುದುಕರ ಕೈಯಿಂದ ಕಾರಿನ ಕೀ ಬಿಡಿಸಿದ ಮಹಾನುಭಾವರು. ಅಂಬುಜಾಗೂ ಲೈಸೆನ್ಸಿತ್ತು. ಆದರೆ ಅವಳಿಗೆ ಸ್ಟೀರಿಂಗ್ ಸಿಗುತ್ತಿದ್ದದ್ದು ಡಾಕ್ಟರು ಊರಲ್ಲಿಲ್ಲದಾಗ ಮಾತ್ರ.

"ನಮ್ಮ ತಂಗಿ ವಸುಂಧರಾ ಊಟಕ್ಕ ಕರದಾಳ. ಸ್ಟ್ಯಾಫರ್ಡ್ ಏನ್ ದೂರ ಐತಿ? ಇವತ್ತೊಂದು ದಿನ," ಎಂದು ಡಾಕ್ಟರು ಹತ್ತಿಯೇ ಬಿಟ್ಟರು. ಬೇಡವೆಂದರೆ ಒಬ್ಬರೇ ಹೋಗುವ ಆಸಾಮಿ. ಕಾರಿನಲ್ಲಿ ಒಂದು ಜೊತೆ ಕಣ್ಣಾದರೂ ಇರಲಿ ಎಂದು ಅಂಬುಜಾ ಪಕ್ಕದಲ್ಲಿ ಕೂತಳು. ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತ ಹೋದಳು.

ಕ್ಯಾನಕ್ ಚೇಸಿನ ಕಾಡು ಶುರುವಾದದ್ದೇ ತಡ, ಡಾಕ್ಟರ ಬೇಟೆಯ ಕಥೆಯೂ ಶುರುವಾಯಿತು. ದಾಂಡೇಲಿ, ಕಾಂಟ್ರಾಕ್ಟರ್ ಕಾಕಾನ ಬಂದೂಕು, ಇಪ್ಪತ್ತರ ಹರೆಯ. ಗುಂಡು ಹಾರಿದ ಕೂಡಲೇ ಕಾಕಾ ಜೀಪಿನಿಂದ ಕೂಗುತ್ತಿದ್ದನಂತೆ, "ಬಿತ್ತೇನ್ಲೇ?" ಒಂದು ಸಲವೂ ಬಿದ್ದಿರಲಿಲ್ಲ. ಬೀಳದ ಚಿಗರಿಗಳು ಸುಮ್ಮನಿರದೆ ವರ್ಷದಿಂದ ವರ್ಷಕ್ಕೆ ಬೆಳೆದವು. ಅಂಬುಜಾ ಮದುವೆಯಾಗಿ ಬಂದಾಗ ಮೇಕೆಯಷ್ಟಿದ್ದದ್ದು ಈಗ ಎತ್ತಿನಷ್ಟಾಗಿತ್ತು. ಮೈಸೂರಿನ ಹೆಣ್ಣು ಅವಳು, ಅದನ್ನು ಜಿಂಕೆ ಎನ್ನುತ್ತಿದ್ದಳು.

"ಜಿಂಕಿ ಅಂದ್ರ ಸಣ್ಣದ ಆತು. ನಾ ಹೊಡದದ್ದು ಚಿಗರಿ," ಎಂದು ಡಾಕ್ಟರು ಎಂದಿನಂತೆ ತಿದ್ದಿದರು.

"ಹೊಡೆದದ್ದಲ್ಲ, ಬಿಟ್ಟದ್ದು," ಎಂದು ಅಂಬುಜಾ ಅದನ್ನೂ ತಿದ್ದಿದಳು.

ಅಷ್ಟರಲ್ಲಿ ಕಾರು ಗಕ್ಕನೆ ನಿಂತಿತು. "ಅಂಬೂ! ನೋಡಲ್ಲೆ! ಚಿಗರಿ! ಜೋಡಿ ಐತಿ!"

"ಅದರ ಬಾಲದಿಂದ ವೈರ್ ಹೊರಟು ಕಿಟಕಿಯೊಳಗೆ ಹೋಗಿದೆ ರೀ. ಯಾರದೋ ಮನೆಯ ಜಿಂಕೆ ಆಕಾರದ ಕ್ರಿಸ್‌ಮಸ್ ದೀಪ."

"ದೂರದಿಂದ ಹಂಗ ಕಾಣತೈತಿ."

"ನಾವು ಅವರ ಗೇಟಿಗೇ ನಿಂತಿದೀವಿ."

ಡಾಕ್ಟರು ಸಿಟ್ಟಿನಲ್ಲಿ ಗೇರ್ ಬದಲಿಸಿ ಹೊರಟರು. ಮನೆಗಳು ಮುಗಿದು ತಿರುವು ದಾಟಿದ್ದಷ್ಟೇ. ರಸ್ತೆಯ ನಟ್ಟನಡುವೆ ನಿಜವಾದದ್ದು ನಿಂತಿತ್ತು. ಓಡಲಿಲ್ಲ, ಕಾರನ್ನೇ ನೋಡುತ್ತ ನಿಂತಿತ್ತು. "ಬ್ರೇಕ್!" ಎಂದು ಅಂಬುಜಾ ಕಿರುಚಿದಳು. "ಯಾಕ?" ಎಂದರು ಡಾಕ್ಟರು. ನಿಜವಾಗಿಯೂ ಯಾಕೆಂದು ಕೇಳಿದರು! ಅವಳು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ಅರ್ಧ ತಿರುಗಿ, ಕಿರ್ರೆಂದು, ಅದರ ಮೂತಿಯ ಮುಂದೆ ಬಂದು ನಿಂತಿತು. ಬಾನೆಟ್ಟಿನ ಮೇಲೆ ಬಿಳಿ ಉಸಿರು ಬಿಟ್ಟು, ಇವರೇನು ಮನುಷ್ಯರೋ ಎಂಬಂತೆ ಒಮ್ಮೆ ನೋಡಿ, ಅದು ಜರಿಗಿಡಗಳೊಳಗೆ ಹಾರಿಹೋಯಿತು.

"ಏನಾತು?" ಡಾಕ್ಟರ ದನಿ ಸಣ್ಣಗಿತ್ತು.

"ಜಿಂಕೆ."

"ಎಲ್ಲೈತಿ?"

"ಹೋಯ್ತು."

ಡಾಕ್ಟರು ಖಾಲಿ ರಸ್ತೆಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಕೇಳಿದರು, "ಕೋಡು ಇದ್ದವೇನ?"

"ಇಷ್ಟಿಷ್ಟುದ್ದ. ನೀವು ಹೇಳ್ತಿದ್ರಲ್ಲ, ಥೇಟ್ ಹಾಗೇ," ಎಂದಳು ಅಂಬುಜಾ. ಮದುವೆಯಾದಾಗಿನಿಂದ ಅವರ ಬೇಟೆಗೆ ಅವಳು ಕೊಟ್ಟ ಮೊದಲ ಸಾಕ್ಷಿ ಅದು. ಅವರ ಮುಖ ಇಷ್ಟಗಲವಾಗುವ ಮೊದಲೇ ಮುಂದಿನ ಮಾತನ್ನೂ ಆಡಿಬಿಟ್ಟಳು: "ಅದಕ್ಕೆ ನಾಲ್ಕು ಕಾಲಿತ್ತು, ತಪ್ಪಿಸಿಕೊಳ್ತು. ಎರಡು ಕಾಲಿನದು ನಿಂತಿದ್ರೆ?"

ಡಾಕ್ಟರು ಇಳಿದು, ಬಾನೆಟ್ ಹಿಡಿದುಕೊಂಡು ಸುತ್ತಿ ಬಂದು, ಅವಳ ಕಡೆಯ ಬಾಗಿಲು ತೆಗೆದರು. "ಸರಿ ಏಳು," ಎಂದರು. ಎದ್ದು ಜಾಗ ಬದಲಿಸಿದಳು. ಸೀಟು ಮುಂದಕ್ಕೆಳೆದುಕೊಂಡಳು, ಕನ್ನಡಿ ಬಗ್ಗಿಸಿಕೊಂಡಳು. ಅದೆಲ್ಲ ಮುಗಿಯುವವರೆಗೆ ಅವರು ರೇಡಿಯೋ ಕಡೆ ಮುಖ ಮಾಡಿ ಕೂತಿದ್ದರು.

ಮುಂದಿನ ಹಳ್ಳಿಯಲ್ಲಿ ಅವರೇ, "ನಿಲ್ಲಸು, ಪೋಸ್ಟ್‌ಬಾಕ್ಸ್ ಐತಿ," ಎಂದರು. ಅವರು ತೋರಿಸಿದ್ದು ಕೆಂಪು ಜಾಕೆಟ್ಟಿನ ಒಬ್ಬ ಮನುಷ್ಯನನ್ನು. ಆದರೆ ಪೋಸ್ಟ್‌ಬಾಕ್ಸೂ ಅವನ ಪಕ್ಕದಲ್ಲೇ ಇದ್ದದ್ದರಿಂದ ಅಂಬುಜಾ ತುಟಿ ಕಚ್ಚಿಕೊಂಡು ನಿಲ್ಲಿಸಿದಳು.

ಡಾಕ್ಟರು ಡ್ಯಾಶ್‌ಬೋರ್ಡಿನಿಂದ ಕಾಗದ ತೆಗೆದು, ಕೋಟು ಸರಿಮಾಡಿಕೊಂಡು ಹೋದರು. ಡಬ್ಬಿಯ ಮುಂದೆ ಕಾಲು ಅಗಲಿಸಿ ನಿಂತು ಗುರಿಯಿಟ್ಟರು. ಲಕೋಟೆ ಕಬ್ಬಿಣಕ್ಕೆ ಬಡಿಯಿತು. ಇನ್ನೊಮ್ಮೆ ಇಟ್ಟರು, ಮತ್ತೆ ಕಬ್ಬಿಣ.

"ಸ್ವಲ್ಪ ಎಡಕ್ಕೆ, ಇನ್ನೂ ಮೇಲೆ," ಎಂದು ಅಂಬುಜಾ ಕಿಟಕಿ ಇಳಿಸಿ ಕೂಗಿದಳು. ಕಾಗದ ಒಳಗೆ ಜಾರಿತು. ಅವರು ಕೈ ಹಾಗೇ ಮೇಲಿಟ್ಟುಕೊಂಡು, ತಿರುಗದೆ ನಿಂತೇ ಇದ್ದರು.

"ಬಿತ್ತೇನ?"

"ಬಿತ್ತು ರೀ," ಎಂದಳು ಅಂಬುಜಾ. "ಬನ್ನಿ, ಹತ್ತಿ. ಬಲಗಡೆ ಅಲ್ಲ, ಎಡಗಡೆ."