ಮಸಿಯ ಚುಕ್ಕೆ

“ಚಿರತೆ!”

ಜ್ಯೋತಿಲಕ್ಷ್ಮಿ ಹಿತ್ತಲಿಂದ ಓಡಿಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದಾಗ ಬೀರೇಶ ಕಾಫಿ ಕುಡಿಯುತ್ತಿದ್ದ. ಲೋಟ ಕೆಳಗಿಡಲಿಲ್ಲ. ಹೆಂಡತಿಯ ಬೆವೆತ ಮುಖ ನೋಡಿದ, ಬುಟ್ಟಿಯಿಲ್ಲದ ಕೈ ನೋಡಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

“ಮತ್ತೆ ಬಿದ್ಯಾ ಹಳ್ಳಕ್ಕೆ? ಅವನು ನಮ್ಮ ಕೆಂಚ ಕಣೇ!”

ನಗುವುದಕ್ಕೆ ಅವನಿಗೆ ಹಕ್ಕಿತ್ತು ಅನ್ನಿ. ಆ ಚಿರತೆಯನ್ನು ಮಾಡಿದವನೇ ಅವನು.

ಘಾಟಿ ಬೆಟ್ಟದ ಬುಡದ ಊರು. ದೇವಸ್ಥಾನಕ್ಕೆ ಬಂದವರು ಕೊಟ್ಟ ಬಾಳೆಹಣ್ಣು ತಿಂದು ಕೊಬ್ಬಿದ ಕೋತಿಗಳು ಬೆಳಗಾದರೆ ಹಿತ್ತಲುಗಳಿಗೆ ಇಳಿಯುತ್ತಿದ್ದವು. ಬದನೆ ಕಚ್ಚಿ ಬಿಸಾಡುತ್ತಿದ್ದವು, ಹೀರೇಬಳ್ಳಿ ಕಿತ್ತೆಳೆಯುತ್ತಿದ್ದವು. ತಿನ್ನುವುದು ಕಾಲುಭಾಗ, ಹಾಳು ಮಾಡುವುದು ಮುಕ್ಕಾಲು. ಜ್ಯೋತಿಲಕ್ಷ್ಮಿ ತವರಿನ ಬೀಜ ತಂದು ಬೆಳೆಸಿದ ಸೊಗಡಿನ ಅವರೆಗೂ ಕೈ ಹಾಕಿದಾಗ ಅವಳು ಅತ್ತೇಬಿಟ್ಟಳು. ಸಂಕ್ರಾಂತಿಗೆ ಅಣ್ಣ ಮುನಿಕೃಷ್ಣ ಬರುತ್ತಾನೆ, ಮೊದಲ ಬೆಳೆಯನ್ನು ಅಮ್ಮನಿಗೆ ಕಳಿಸಬೇಕು ಅನ್ನುವುದೊಂದೇ ಅವಳ ಆಸೆ.

ಬೀರೇಶ ಬಾಣಲೆಯ ತಳದ ಮಸಿ ಕೆರೆದು ಹರಳೆಣ್ಣೆಯಲ್ಲಿ ಕಲಸಿದ. ಮನೆಯ ಕಂದು ನಾಯಿ ಕೆಂಚನ ಮೈತುಂಬ ಬಾಟಲಿ ಮುಚ್ಚಳದಿಂದ ಚುಕ್ಕೆ ಒತ್ತಿದ. ಅವರೆ ಸಾಲಿನ ಪಕ್ಕ ಗೂಟಕ್ಕೆ ಕಟ್ಟಿದ. ಕೋತಿಗಳು ಕಿರುಚಿಕೊಂಡು ಓಟ ಕಿತ್ತವು. ಕೋತಿಗಳೇನು, ಪಕ್ಕದ ಮನೆಯ ಕದಿರಮ್ಮನೂ ಓಡಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಸೊಂಟ ಮುರಿದುಕೊಂಡಳು. ಪಾಪದ ಹೆಂಗಸು ಇನ್ನೂ ಮಂಚ ಬಿಟ್ಟು ಎದ್ದಿಲ್ಲ. ಬೀರೇಶ ಅವಳು ಬಿದ್ದದ್ದನ್ನು ಫೋನಿನಲ್ಲಿ ಹಿಡಿದಿದ್ದ. ಜ್ಯೋತಿಲಕ್ಷ್ಮಿ ಕೆಂಚನನ್ನು ಕಂಡು ಚಿರತೆಯೇ ಅಂತ ಆಣೆಯಿಟ್ಟು ಬಾಯಿ ಬಡಿದುಕೊಂಡದ್ದನ್ನೂ ಹಿಡಿದಿದ್ದ. ಆ ವಿಡಿಯೊ ತವರಿನ ತನಕ ಹೋಗಿ ಅವಳ ಅಣ್ಣನೇ ಫೋನ್ ಮಾಡಿ ನಕ್ಕಿದ್ದ.

“ನಾಯಿಗೆ ಹೆದರಿದ್ರೆ ನಾನೇನ್ ಮಾಡ್ಲಿ?” ಅನ್ನುತ್ತಿದ್ದ ಬೀರೇಶ.

ಕೋತಿ ಅಂದರೆ ಕೋತಿ. ವಾರ ಕಳೆಯುವಷ್ಟರಲ್ಲಿ ಅವಕ್ಕೆ ಗುಟ್ಟು ತಿಳಿಯಿತು. ಕೆಂಚನ ಬಾಲ ಎಳೆದು ಆಟವಾಡತೊಡಗಿದವು. ಬೀರೇಶ ಇನ್ನೊಂದು ಸುತ್ತು ದಪ್ಪಗೆ ಮಸಿ ಬಳಿದ. ಆಮೇಲೆ ನೋಡಿ, ಇದ್ದಕ್ಕಿದ್ದಂತೆ ಒಂದು ಕೋತಿಯ ಸುಳಿವೂ ಇಲ್ಲ. ಬೀದಿನಾಯಿಗಳೂ ಒಂದೊಂದಾಗಿ ಕಾಣೆಯಾದವು.

“ನನ್ನ ಚಿರತೆ ನೋಡಿ ಊರೇ ಬಿಟ್ಟೋದ್ವು ಗುರು,” ಎಂದು ಅವನು ಡೇರಿಯ ಮುಂದೆ ಮೀಸೆ ತಿರುವಿದ.

ಇವತ್ತು ಸಂಕ್ರಾಂತಿ. ಬೀರೇಶನ ತಾಯಿ ಅಶ್ವತ್ಥಮ್ಮ ಇನ್ನೂ ಕತ್ತಲಿರುವಾಗಲೇ ಎದ್ದು ಹಂಡೆಗೆ ಉರಿ ಹಾಕಿದ್ದಳು. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ದನಕರುಗಳಿಗೆ ಕಿಚ್ಚು ಹಾಯಿಸುವ ಹಬ್ಬವಲ್ಲವೇ? “ಸೀಗೆಪುಡಿ ಎಲ್ಲಿಟ್ಟಿದ್ದೀಯವ್ವಾ?” ಎಂದು ಸೊಸೆಯನ್ನು ಕೇಳಿ ಇಸಿದುಕೊಂಡವಳು ಮುಂದಿನ ಅಂಗಳದಲ್ಲಿ ಆಗಿನಿಂದ ನೀರು ಹುಯ್ಯುತ್ತಲೇ ಇದ್ದಳು.

“ಅದರ ಕುತ್ತಿಗೇಲಿ ಹಗ್ಗ ಇರ್ಲಿಲ್ಲ ಕಣ್ರೀ,” ಅಂದಳು ಜ್ಯೋತಿಲಕ್ಷ್ಮಿ.

“ಕಡ್ಕೊಂಡಿರ್ತಾನೆ.”

“ಕೆಂಚಾ ಅಂತ ಕೂಗ್ದೆ. ಬಾಲ ಅಲ್ಲಾಡಿಸ್ಲಿಲ್ಲ. ಸುಮ್ನೆ ನನ್ನೇ ನೋಡ್ತು.”

“ಈ ಚಳೀಲಿ ನೀನಾದ್ರೆ ಅಲ್ಲಾಡಿಸ್ತಿದ್ಯಾ?” ಬೀರೇಶ ಮತ್ತೆ ನಕ್ಕ. “ಎದ್ದೇಳು. ನಿಮ್ಮಣ್ಣ ಬರೋ ಹೊತ್ತಾಯ್ತು. ಅವರೇಕಾಯಿ ಕೀಳದೆ ಬರಿಗೈಲಿ ಕಳಿಸ್ತೀಯಾ? ಹೋದ್ಸಲ ನಕ್ಕಿದ್ದು ಸಾಲ್ದಾ ಅವನಿಗೆ?”

ಆ ಮಾತು ನಾಟಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹೋದ ಸಲವೂ ಹೀಗೇ ಆಣೆಯಿಟ್ಟು ಹೇಳಿ ಮಂಗನಾಗಿದ್ದಳಲ್ಲ. ಒಲೆಯ ಪಕ್ಕದಿಂದ ಒಂದು ತುಂಡು ರೊಟ್ಟಿ ತಗೊಂಡಳು. ಬಾಗಿಲಲ್ಲಿ ನಿಂತು ತಿರುಗಿದಳು.

“ನೀವೂ ಬನ್ರೀ.”

“ನಡಿ, ಬರ್ತೀನಿ.”

ಅವಳು ಹೊಸ್ತಿಲು ದಾಟಿದ್ದೇ ತಡ, ಬೀರೇಶ ಬಾಗಿಲು ಎಳೆದು ಚಿಲಕ ಜಡಿದ. ಫೋನ್ ಹಿಡಿದುಕೊಂಡು ಕಿಟಕಿಗೆ ಹೋದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಅವರೆ ಸಾಲಿನ ನಡುವೆ ಚುಕ್ಕೆಗಳು ಮೆಲ್ಲಗೆ ಸರಿದವು. ಬೀರೇಶ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದ. ಎಲಾ! ಮುಚ್ಚಳದಲ್ಲಿ ಒತ್ತಿದ್ದು ಎಷ್ಟು ಚೆನ್ನಾಗಿ ಕೂತಿದೆ! ಮಂಜಿನಲ್ಲಿ ನಾಯಿಯೂ ಕರುವಿನಷ್ಟು ದಪ್ಪ ಕಾಣುತ್ತಿದೆ. ತನ್ನ ಕೈಚಳಕಕ್ಕೆ ತಾನೇ ಬೀಗಿದ.

ರೊಟ್ಟಿ ಕೆಳಗೆ ಬಿತ್ತು. ಜ್ಯೋತಿಲಕ್ಷ್ಮಿ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲಿಗೆ ಬಂದು ಬಿದ್ದಳು.

“ರೀ, ತೆಗೀರಿ! ಬಾಗಿಲು ತೆಗೀರಿ!”

“ಕಿವಿ ಹಿಡ್ಕೊಂಡು ಎಳ್ಕೊಂಡ್ ಬಾ, ತೆಗೀತೀನಿ!”

“ನಿಮ್ಮ ದಮ್ಮಯ್ಯ ರೀ!”

ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. ಇದರ ಮುಂದೆ ಕದಿರಮ್ಮನ ವಿಡಿಯೊ ಏನೇನೂ ಅಲ್ಲ. ಕಣ್ಣೊರೆಸಿಕೊಳ್ಳಲು ಕಿಟಕಿ ಬಿಟ್ಟು ಈಚೆಗೆ ಬಂದ.

ಬಾಗಿಲು ಬಡಿಯುವುದು ನಿಂತಿತು.

“ಹಾಂ, ಈಗ ಬುದ್ಧಿ ಬಂತು ನೋಡು,” ಅಂದ.

ಆಗ ಅವನ ಮೊಣಕಾಲಿಗೆ ಏನೋ ಒದ್ದೆ ತಾಗಿತು. ಘಮ್ಮನೆ ಸೀಗೆಯ ವಾಸನೆ. ಮುಂದಿನ ಅಂಗಳದಿಂದ ಅಶ್ವತ್ಥಮ್ಮ ಕೂಗಿದಳು: “ಲೋ ಬೀರಾ, ಅವನನ್ನ ಒಳಗೇ ಇಟ್ಕೊಳೋ, ಮತ್ತೆ ಮಣ್ಣಾಗ್ತಾನೆ! ಹಬ್ಬದ ದಿನ ಮೂಕಪ್ರಾಣಿ ಮೈಮೇಲೆ ಮಸಿ ಯಾಕೆ ಅಂತ ಕತ್ಲಲ್ಲೇ ಬಿಚ್ಕೊಂಡ್ ಬಂದು ತೊಳ್ದೆ!”

ಮೈಮೇಲೆ ಒಂದು ಚುಕ್ಕೆಯೂ ಇಲ್ಲದ ಕೆಂಚ, ಚಿಲಕ ಹಾಕಿದ ಹಿತ್ತಲ ಬಾಗಿಲನ್ನೇ ನೋಡುತ್ತ, ಬಾಲವನ್ನು ಕಾಲ ಸಂದಿಗೆ ಸೇರಿಸಿಕೊಂಡು ಬೀರೇಶನ ಹಿಂದೆ ಅಡಗಿ ಕೂತ.