ಈರಮ್ಮ ಕುಡಿದ ನೀರು

ತೊಟ್ಟವರ ಅನುಭವಗಳನ್ನು ಬೆಸೆಯುವ ಕೈಪಟ್ಟಿಗಳು ಶಾಲೆಗೆ ಬಂದ ಮೇಲೆ ಕಣ್ಣು ಕಾಣದ ಈರಮ್ಮ ಗೆಳತಿಯರ ಕಣ್ಣಿನಿಂದಲೇ ಕರಿಹಲಗೆ ಓದುತ್ತಿದ್ದಳು. ತರಗತಿಯಲ್ಲಿ ಒಬ್ಬರು ಕಂಡದ್ದು, ಉಂಡದ್ದು ಎಲ್ಲರಿಗೂ ತಲುಪುತ್ತಿತ್ತು.

ರಂಜಾನಿನ ಮೊದಲ ರೋಜಾ ಉಪವಾಸದ ದಿನ ಬೆಳಿಗ್ಗೆಯಿಂದಲೇ ನಫೀಸಾ ಟೀಚರಿಗೆ ಒಂದೇ ಚಡಪಡಿಕೆ. ತನ್ನ ಬಾಯಾರಿಕೆ ಮಕ್ಕಳ ಗಂಟಲಿಗೂ ಹತ್ತುತ್ತಿದೆಯಲ್ಲ. ಪಟ್ಟಿ ಬಿಚ್ಚೋಣವೆಂದರೆ, ಒಬ್ಬರು ಬಿಚ್ಚಿದರೂ ಎಲ್ಲರ ಕೊಂಡಿ ಕಳಚಿ ಈರಮ್ಮನಿಗೆ ಮತ್ತೆ ಕತ್ತಲೆ.

ಅಂದು ಊಟದ ಗಂಟೆ ಹೊಡೆದರೂ ಯಾರೂ ಬುತ್ತಿ ಬಿಚ್ಚಲಿಲ್ಲ. ನೀರಿನ ಬಾಟಲಿಗಳೂ ತುಂಬಿಯೇ ಇದ್ದವು.

"ಯಾಕ ಉಣವಲ್ರಿ?"

"ನಾವು ನೀರು ಕುಡದ್ರ ನಿಮ್ಮ ಗಂಟಲಕ್ಕೂ ಬರತದಲ್ರಿ ಟೀಚರ್. ರೋಜಾ ಮುರೀತದ," ಎಂದಳು ಈರಮ್ಮ.

ಬೆಳಿಗ್ಗೆಯಿಂದ ಸುಡುತ್ತಿದ್ದ ದಾಹ ತನ್ನೊಬ್ಬಳದಲ್ಲ, ನೀರು ಬಿಟ್ಟ ಮಕ್ಕಳದೂ ಎಂದು ನಫೀಸಾಗೆ ಆಗ ಹೊಳೆಯಿತು. ಸಿಟ್ಟೇ ಬಂತು.

"ರೋಜಾ ನನ್ನದು. ಅದಕ್ಕ ನಿಮ್ಮ ಹೊಟ್ಟಿ ಒಣಗಿಸಿದ್ರ ಅಲ್ಲಾ ಒಪ್ಪೂದಿಲ್ಲ. ಮೊದಲ ನೀರು ಕುಡೀರಿ."

ಈರಮ್ಮ ಅಳುಕುತ್ತಲೇ ಬಾಟಲಿ ಎತ್ತಿದಳು. ನಫೀಸಾಳ ತುಟಿ ಒಣಗಿಯೇ ಇತ್ತು. ಗಂಟಲಲ್ಲಿ ಮಾತ್ರ ತಣ್ಣನೆಯ ನೀರು ಇಳಿಯಿತು.

"ಮುರೀತೇನ್ರಿ ಟೀಚರ್?"

"ಮುರಿಯೂದ್ರಾಗ ಇತ್ತವ್ವ," ಎಂದಳು ನಫೀಸಾ. "ನೀ ಕುಡದಿ, ಉಳೀತು."